ಮಯ್ಯತ್ ಮೂಸಬ್ಬನ ಸಾಕ್ಷಿ

ಆಗಿನ ಕುದ್ರೋಳಿಯಲ್ಲಿ ಮೂಸಬ್ಬರಿಗೇನೂ ಬರವಿರಲಿಲ್ಲ. ಸೈಕಲ್ ಮೂಸಬ್ಬ, ಕುಳ್ಳ ಮೂಸಬ್ಬ, ನಶ್ಯದ ಮೂಸಬ್ಬ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಅಡ್ಡಹೆಸರು. ಮಂಜಿಯಲ್ಲಿ ಖಲಾಸಿಯಾಗಿದ್ದ ಈ ಮೂಸಬ್ಬನಿಗೆ ಮಾತ್ರ ವಯಸ್ಸು ನಲ್ವತ್ತು ದಾಟುವವರೆಗೂ ಅಂಥದ್ದೊಂದು ಸಿಕ್ಕಿರಲಿಲ್ಲ. ಸಿಗುವಂಥದ್ದು ಅವನಲ್ಲಿ ಏನಿತ್ತು ಹೇಳಿ? ಜಗಳಗಂಟನಲ್ಲ, ದೊಡ್ಡ ಭಕ್ತನೂ ಅಲ್ಲ. ಹಾಯಿ ಕಟ್ಟಿದ ಆ ದೊಡ್ಡ ಮರದ ಮಂಜಿಗಳು ಬಂದರಿನಿಂದ ಹಂಚು ತುಂಬಿಕೊಂಡು ಮುಂಬಯಿಗೋ ಕಚ್ಚಿಗೋ ಹೊರಟರೆ ಇವನೂ ಹೊರಡುತ್ತಿದ್ದ, ಮಳೆಗಾಲಕ್ಕೆ ಮಂಜಿ ದಡ ಹತ್ತಿದರೆ ಇವನೂ ಮನೆ ಸೇರುತ್ತಿದ್ದ. ಸೇರಿದವನು ಹೆಂಡತಿ ನಾಝಿಮಾಳ ಕೈಯಿಂದ ಬೈಸಿಕೊಂಡು, ಮೀನು ತಂದುಕೊಟ್ಟು, ಮಲಗುತ್ತಿದ್ದ. ಸತ್ತು ಎದ್ದು ಬಂದ ಮೇಲೆಯೇ ಊರಿಗೆ ಅವನ ಗುರುತಾದದ್ದು.

ಅದು ಆದದ್ದು ಅರುವತ್ತೊಂದನೇ ಇಸವಿಯ ಬೇಸಿಗೆಯಲ್ಲಿ. ಅಳಿವೆಯ ಹತ್ತಿರ ನಿಂತಿದ್ದ ಮಂಜಿಗೆ ದೋಣಿಯಲ್ಲಿ ಹಂಚು ಸಾಗಿಸುತ್ತಿದ್ದರು. ಆಸೆಬುರುಕತನದಿಂದ ಒಂದು ಸಾಲು ಹೆಚ್ಚಿಗೆ ಹೇರಿದ್ದರು. ಅಡ್ಡ ಅಲೆಯೊಂದು ಬಂದದ್ದೇ ದೋಣಿ ಮಗುಚಿ, ಹಂಚು ಸಮೇತ ಮೂಸಬ್ಬ ತಳಕ್ಕೆ ಹೋದ. ಎಳೆದು ಮೇಲೆ ಹಾಕಿದಾಗ ಉಸಿರಿಲ್ಲ. ಬೆನ್ನು ಗುದ್ದಿದರು, ಮಗುಚಿ ಹಾಕಿ ಹೊಟ್ಟೆಯ ನೀರು ತೆಗೆದರು, ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದರು. ಏನೂ ಇಲ್ಲ. ಕೈಗಾಡಿಯಲ್ಲಿ ಮನೆಗೆ ತಂದರು. ನಾಝಿಮಾ ಎದೆ ಹೊಡೆದುಕೊಂಡು ಅತ್ತಳು. ಮಸೀದಿಯಲ್ಲಿ ಬಾಂಗು ಕೊಡುವ ಮುಕ್ರಿ ಬಂದು, ಹಿತ್ತಿಲಿನಲ್ಲಿ ಪರದೆ ಕಟ್ಟಿಸಿ, ಮಯ್ಯತ್ತನ್ನು, ಅಂದರೆ ಹೆಣವನ್ನು, ಹಲಗೆಯ ಮೇಲೆ ಮಲಗಿಸಿ ಮೀಯಿಸಲು ಶುರುಮಾಡಿದರು. ಎರಡನೆಯ ತಂಬಿಗೆ ನೀರು ಬಿದ್ದಾಗ ಮಯ್ಯತ್ತು ಕೆಮ್ಮಿತು.

ಮುಕ್ರಿ ತಂಬಿಗೆ ಬಿಸಾಡಿ ಓಡಿದವರು ಮಸೀದಿಯ ಕೆರೆಯ ಹತ್ತಿರವೇ ನಿಂತದ್ದಂತೆ. ಮೂಸಬ್ಬನಿಗೆ ಅಡ್ಡಹೆಸರು ಆ ಸಂಜೆಯೇ ಬಿತ್ತು. ಮಯ್ಯತ್ ಮೂಸಬ್ಬ. ಮಕ್ಕಳು ಕರೆದರೆ ಅವನಿಗೆ ಸಿಟ್ಟೇನೂ ಬರುತ್ತಿರಲಿಲ್ಲ. ಬದುಕಿದವನಿಗೆ ಹೆಸರು ಯಾವುದಾದರೆ ಎಂತ ಎನ್ನುತ್ತಿದ್ದ.

ನೋಡಲು ಬಂದವರೆಲ್ಲ ಕೇಳಿದ್ದು ಒಂದೇ. ಅಲ್ಲಿ ಎಂತ ಉಂಟು? ಮೂಸಬ್ಬ ಕಂಡದ್ದನ್ನು ಹೇಳಿದ. ಒಂದು ಕಡಲ ದಂಡೆ. ಅಲೆ ಉಂಟು, ಸದ್ದಿಲ್ಲ. ಬಿಸಿಲಿಲ್ಲ, ಆದರೂ ಬೆಳಕು. ಮಗುಚಿಟ್ಟ ಮಂಜಿಗಳ ನೆರಳಿನಲ್ಲಿ ಜನ ಕೂತಿದ್ದಾರೆ, ಯಾರಿಗೂ ಅವಸರವಿಲ್ಲ. ಅವರ ನಡುವೆ ಅವನ ತೀರಿಹೋದ ಬಾಪ. ಮೂಸಬ್ಬನಿಗೂ ಅಲ್ಲೇ ಕೂತುಬಿಡುವ ಆಸೆಯಾಯಿತು. ಅಷ್ಟು ಸುಖವನ್ನು ತಾನು ಬದುಕಿನಲ್ಲಿ ಕಂಡಿಲ್ಲ ಎಂದು ಅವನು ನಾಝಿಮಾಳ ಎದುರೇ ಹೇಳಿಬಿಟ್ಟು, ಅದಕ್ಕೂ ಬೈಸಿಕೊಂಡ. ಕೂರಲು ಹೋದರೆ ಬಾಪ ಕೈ ಅಡ್ಡ ಹಿಡಿದು, ನಿನ್ನ ಸರದಿ ಅಲ್ಲ, ಹೋಗು ಅಂದರು. ಮತ್ತೆ ಎಚ್ಚರವಾದದ್ದು ಹಲಗೆಯ ಮೇಲೆ.

ಇಷ್ಟನ್ನು ಊರಿಗೆಲ್ಲ ಹೇಳಿದ. ಇನ್ನೊಂದನ್ನು ಯಾರಿಗೂ ಹೇಳಲಿಲ್ಲ. ಆ ದಂಡೆಯಲ್ಲಿ ಬಾಪನಿಂದ ಸ್ವಲ್ಪ ಆಚೆಗೆ ಮಮ್ಮು ಕೂತಿದ್ದ.

ಮಮ್ಮು ಇವನ ಜೊತೆ ವರ್ಷಗಟ್ಟಲೆ ಒಂದೇ ಮಂಜಿಯಲ್ಲಿ ದುಡಿದವನು. ಐವತ್ತಾರರಲ್ಲಿ ಬೇರೊಂದು ಮಂಜಿ ಹತ್ತಿ ಹೋದ. ಅದು ರತ್ನಗಿರಿಯ ಆಚೆ ಗಾಳಿಗೆ ಸಿಕ್ಕಿತೆಂದು ಸುದ್ದಿ ಬಂತು. ಕೆಲವರ ಹೆಣ ದಡಕ್ಕೆ ಬಂತು, ಮಮ್ಮುವಿನದು ಬರಲಿಲ್ಲ. ಬೇರೆ ಯಾವುದೋ ಹಡಗಿನವರು ಎತ್ತಿಕೊಂಡಿರಬಹುದು, ಅರಬ್ಬಿ ದೇಶದಲ್ಲಿ ಇರಬಹುದು ಎಂದು ಜನ ಬಾಯಿಗೊಂದು ಮಾತಾಡಿದರು. ಅವನ ಹೆಂಡತಿ ಝೈನಬ್, ಅವನ ಹೆತ್ತ ಉಮ್ಮ ಆಸ್ಯಮ್ಮ, ಇಬ್ಬರೇ ಒಂದು ಮನೆಯಲ್ಲಿ ಬೀಡಿ ಕಟ್ಟಿಕೊಂಡು ಇದ್ದರು. ಕುಲಶೇಖರದಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಜಮಾಲುದ್ದೀನ್ ಎಂಬವರು, ಹೆಂಡತಿ ತೀರಿದವರು, ಝೈನಬಳನ್ನು ಕೇಳಿ ಹೇಳಿಕಳಿಸಿದ್ದರು. ಇಷ್ಟು ವರ್ಷವಾಯಿತು, ಕಾನೂನಿನ ಪ್ರಕಾರ ಆ ಮದುವೆಯಿಂದ ಬಿಡುಗಡೆ ಮಾಡಿಸಬಹುದು ಎಂದು ಜಮಾತಿನ ಹಿರಿಯರೂ ಒಪ್ಪಿದ್ದರು. ಒಪ್ಪದವಳು ಝೈನಬಳೇ. ನಾಳೆ ಅವರು ಬಂದು ಬಾಗಿಲಲ್ಲಿ ನಿಂತರೆ ಯಾವ ಮುಖ ತೋರಿಸಲಿ ಎಂದು ಒಂದೇ ಮಾತು. ಆಸ್ಯಮ್ಮನಂತೂ ಮಗ ಬರುವ ದಾರಿ ನೋಡುವುದನ್ನೇ ಬದುಕು ಮಾಡಿಕೊಂಡಿದ್ದರು.

ಈಗ ಹೇಳಿ, ಮೂಸಬ್ಬ ಬಾಯಿ ಬಿಡುವುದು ಹೇಗೆ? ಅತ್ತ ದರಿ, ಇತ್ತ ಪುಲಿ.

ಮೊದಲು ಬಂದದ್ದು ಆಸ್ಯಮ್ಮ. ಕೋಲೂರಿಕೊಂಡು ಬಂದು, ಜಗಲಿಯಲ್ಲಿ ಕೂತು, ಅದೂ ಇದೂ ವಿಚಾರಿಸಿ, ಕೊನೆಗೆ ಕೇಳಿದರು. ನನ್ನ ಮಗ ಅಲ್ಲಿ ಇರಲಿಲ್ಲವಲ್ಲ? ಆ ಮುದುಕಿ ಕೇಳಿದ ರೀತಿಗೆ ಯಾರಾದರೂ ಒಂದೇ ಉತ್ತರ ಕೊಡುತ್ತಿದ್ದರು. ಇಲ್ಲ, ನಾನು ನೋಡಲಿಲ್ಲ ಎಂದ ಮೂಸಬ್ಬ. ಆಸ್ಯಮ್ಮ ಅವನ ತಲೆ ಮುಟ್ಟಿ ದುವಾ ಮಾಡಿ, ಬಂದದ್ದಕ್ಕಿಂತ ಗಟ್ಟಿ ಹೆಜ್ಜೆಯಲ್ಲಿ ಮನೆಗೆ ಹೋದರು.

ಸುಳ್ಳು ಹೇಳಿದ್ದಾಯಿತು. ಆದರೆ ಅದು ಸುಳ್ಳೇ ಹೌದೋ ಎಂಬುದು ಅವನಿಗೆ ತಿಳಿಯಬೇಕಿತ್ತು. ಕಂಡದ್ದು ನಿಜವಾದರೆ ಮಮ್ಮು ಸತ್ತಿದ್ದಾನೆ. ತಲೆಯೊಳಗಿನ ಆಟವಾದರೆ ಅವನು ಎಲ್ಲಿಯೋ ಇರಬಹುದು. ಬಂದರಿನ ಚಾ ಹೋಟೆಲಿನಲ್ಲಿ ಇದೇ ವಿಷಯ ದಿನಾ ಚರ್ಚೆಯಾಗುತ್ತಿತ್ತು. ಉಳಿದವರಿಗೆ ಹೊತ್ತು ಹೋಗಬೇಕಿತ್ತು, ಮೂಸಬ್ಬನಿಗೆ ತೀರ್ಪು ಬೇಕಿತ್ತು.

ಧಕ್ಕೆಯಲ್ಲಿ ಸರಕು ಹತ್ತಿಸಿ ಇಳಿಸುವ ಕೂಲಿಗಳ ಮೇಸ್ತ್ರಿ ಲೋಕಯ್ಯ ಅವನ ಹಳೆಯ ಗೆಳೆಯ. ಅವನ ಲೆಕ್ಕದಲ್ಲಿ ಇದು ಯಮನ ಕಡೆಯವರ ತಪ್ಪು. ಅದೇ ವಾರ ಬೆಂಗ್ರೆಯಲ್ಲಿ ಇನ್ನೊಬ್ಬ ಮೂಸಬ್ಬ ತೀರಿಕೊಂಡಿದ್ದ. ಅವನನ್ನು ಒಯ್ಯಲು ಬಂದವರು ಹೆಸರು ನೋಡಿ ಇವನನ್ನು ಒಯ್ದರು, ತಪ್ಪು ಗೊತ್ತಾಗಿ ತಿರುಗಿ ಬಿಟ್ಟರು. ತನ್ನ ಅಜ್ಜಿಗೂ ಹೀಗೆಯೇ ಆಗಿತ್ತು ಎಂದು ಅವನು ಆಣೆ ಹಾಕಿದ. ನಮ್ಮಲ್ಲಿ ಯಮನೇ ಇಲ್ಲವಲ್ಲ ಮಾರಾಯ ಎಂದು ಮೂಸಬ್ಬ ಹೇಳಿದರೆ, ಹೆಸರು ಏನೇ ಇರಲಿ, ಕಚೇರಿ ಎಲ್ಲ ಕಡೆ ಒಂದೇ ಎಂದ ಲೋಕಯ್ಯ.

ಮಸೀದಿಯ ಗುರುಗಳಾದ ಖತೀಬರು ಕಡ್ಡಿ ಮುರಿದಂತೆ ಹೇಳಿದರು. ಮರಣ ಒಂದೇ ಸಲ. ದೇಹ ಬಿಟ್ಟು ಹೋದ ರೂಹು ಮೀಯಿಸುವ ಹಲಗೆಗೆ ತಿರುಗಿ ಬರುವುದಿಲ್ಲ. ನೀನು ಸತ್ತಿರಲಿಲ್ಲ, ಕನಸು ಕಂಡೆ. ಒಳ್ಳೆಯ ಕನಸಾದರೆ ಅಲ್ಲಾಹನಿಗೆ ಶುಕ್ರ್ ಹೇಳು, ಅದನ್ನು ಸಾಕ್ಷಿ ಎಂದು ಯಾರ ಮೇಲೂ ಹೇರಬೇಡ.

ಕೊನೆಗೆ ಡಾಕ್ಟರ್ ನೊರ್ಬರ್ಟರ ಹತ್ತಿರ ಹೋದ. ಅವರು ಬಂದರಿನ ಬಡವರಿಗೆ ಮದ್ದು ಕೊಡುತ್ತಿದ್ದ ಮುದುಕ, ಬಾಯಿ ಜೋರು, ಕೈಗುಣ ಒಳ್ಳೆಯದು. ಉಸಿರು ನಿಂತಿರಲಿಲ್ಲ, ಹಿಡಿದು ನೋಡಿದವರ ಬೆರಳಿಗೆ ತಿಳಿಯದಷ್ಟು ಸಣ್ಣದಾಗಿತ್ತು ಎಂದರು. ಮೆದುಳಿಗೆ ಗಾಳಿ ಸಾಲದೆ ಹೋದರೆ ಅದು ಒಳಗೆ ಇಟ್ಟುಕೊಂಡದ್ದನ್ನೆಲ್ಲ ಹೊರಗೆ ಹಾಕುತ್ತದೆ. ಖಲಾಸಿಗೆ ಮಂಜಿ ಕಾಣುತ್ತದೆ, ತನಗಾದರೆ ಇಗರ್ಜಿಯ ಗಂಟೆ ಕೇಳೀತು. ಮೂಸಬ್ಬ ಮೆಲ್ಲನೆ ಕೇಳಿದ, ಅಲ್ಲಿ ಕಂಡವರೆಲ್ಲ ಸತ್ತವರೇ ಇರಬೇಕೋ? ಡಾಕ್ಟರರು ಕನ್ನಡಕ ತೆಗೆದು ಅವನನ್ನು ನೋಡಿದರು. ಹಾಗೇನಿಲ್ಲ, ಮನಸ್ಸಿನಲ್ಲಿ ಇದ್ದವರು ಕಾಣುತ್ತಾರೆ ಎಂದರು. ಆಮೇಲೆ ಸ್ವಲ್ಪ ಮೆತ್ತಗಾಗಿ, ಇಷ್ಟು ವರ್ಷದಲ್ಲಿ ನಿನ್ನಂಥವರನ್ನು ಬೇರೆಯೂ ಕಂಡಿದ್ದೇನೆ, ನನಗೆ ಎಲ್ಲವೂ ಗೊತ್ತುಂಟು ಅಂತ ತಿಳಿಯಬೇಡ ಎಂದೂ ಸೇರಿಸಿದರು. ಆ ಕೊನೆಯ ಮಾತನ್ನು ಅವರು ಆಡದಿದ್ದರೆ ಮೂಸಬ್ಬ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದ.

ಝೈನಬ್ ಬಂದದ್ದು ಮಳೆ ಹಿಡಿದ ಮೇಲೆ. ಬೀಡಿಯ ಬುಟ್ಟಿಯನ್ನು ನಾಝಿಮಾಳ ಹತ್ತಿರ ಇಟ್ಟು, ಬಾಗಿಲ ಮರೆಯಲ್ಲಿ ನಿಂತಳು. ಅವಳು ಅತ್ತೆಯ ಹಾಗೆ ಸುತ್ತಿ ಬಳಸಿ ಕೇಳುವವಳಲ್ಲ.

"ಉಮ್ಮನಿಗೆ ನೀವು ಎಂತ ಹೇಳಿದ್ದೀರಿ ಅಂತ ಗೊತ್ತುಂಟು," ಎಂದಳು. "ನನಗೆ ಕಂಡದ್ದು ಹೇಳಿ. ಮದುವೆಗೆ ಬೇಕಾದ ಕಾಗದ ಹಿರಿಯರು ಮಾಡಿಸ್ತಾರೆ. ನನಗೆ ಅದಲ್ಲ ಬೇಕಾದ್ದು. ಬಾಗಿಲು ಬಡಿದ ಸದ್ದಾದರೆ ನನ್ನ ಜೀವ ಹಾರ್ತದೆ. ಎಷ್ಟು ವರ್ಷ ಅಂತ ಹಾರಿಸ್ಲಿ?"

ಮೂಸಬ್ಬ ಖತೀಬರ ಮಾತನ್ನು ಹೇಳಿದ, ಡಾಕ್ಟರರ ಮಾತನ್ನೂ ಹೇಳಿದ, ಲೋಕಯ್ಯನ ಅಜ್ಜಿಯನ್ನು ಕೂಡ ಬಿಡಲಿಲ್ಲ. ಝೈನಬ್ ಎಲ್ಲವನ್ನೂ ಕೇಳಿದಳು, ಹೋಗಲಿಲ್ಲ. ಒಳಗಿನಿಂದ ನಾಝಿಮಾ, ಅವಳಿಗೆ ಹೇಳುವುದಕ್ಕೆ ಇದ್ದರೆ ಹೇಳಿಬಿಡಿ ಎಂದಳು. ಮೂಸಬ್ಬನಿಗೆ ಸಾಕಾಗಿಹೋಗಿತ್ತು.

"ಇದ್ದ," ಎಂದ. "ಮಂಜಿಯ ನೆರಳಿನಲ್ಲಿ ಕೂತು ಹಾಯಿ ಹೊಲೀತಾ ಇದ್ದ. ದಾರ ಕಚ್ಚುವುದಕ್ಕೆ ಬಗ್ಗಿದಾಗ ಮುಖ ಕಂಡಿತು. ಅವನೇ. ಆದರೆ ಝೈನಬ್, ಅದು ನನ್ನ ತಲೆ ಕಟ್ಟಿದ್ದೂ ಇರಬಹುದು. ಆಣೆ ಇಟ್ಟು ಹೇಳ್ಲಿಕ್ಕೆ ನನಗೆ ಆಗುವುದಿಲ್ಲ."

ಝೈನಬ್ ಕೇಳಿದಳು, "ಅವರು ನನ್ನ ವಿಷಯ ಕೇಳಿದರಾ?"

ಇಷ್ಟು ದಿನ ಎಲ್ಲರ ವಾದಗಳನ್ನೂ ತೂಗಿ ನೋಡಿದ್ದ ಮೂಸಬ್ಬ ಈ ಪ್ರಶ್ನೆಗೆ ಮಾತ್ರ ತಯಾರಿರಲಿಲ್ಲ. ಹೌದು ಅಂದುಬಿಡಲೇ ಎಂದು ನಾಲಿಗೆಯ ತುದಿಯವರೆಗೂ ಬಂತು. ಆದರೆ ಕಂಡದ್ದು ಹೇಳಿ ಎಂದು ಅವಳು ಕೇಳಿದ್ದಳು.

"ಇಲ್ಲ," ಎಂದ. "ತಲೆಯೆತ್ತಿ ಕೂಡ ನೋಡಲಿಲ್ಲ."

ಝೈನಬ್ ನಕ್ಕಳು. ನಿಜವಾಗಿಯೂ ನಕ್ಕಳು, ನಾಝಿಮಾ ಗಾಬರಿಯಾಗಿ ಎದ್ದು ಬಂದಳು.

"ಹಾಗಾದರೆ ಅವರೇ," ಎಂದಳು ಝೈನಬ್. "ಮನೆಯಲ್ಲಿದ್ದಾಗಲೂ ಕೆಲಸ ಕೈಯಲ್ಲಿ ಇದ್ದರೆ ನಾನು ಇದ್ದೇನೋ ಸತ್ತಿದ್ದೇನೋ ನೋಡ್ತಿರಲಿಲ್ಲ. ನಿಮ್ಮ ತಲೆ ಕಟ್ಟಿದ್ದಾಗಿದ್ದರೆ, ಪಾಪ, ಝೈನಬ್ ಹೇಗಿದ್ದಾಳೆ ಅಂತ ಕೇಳ್ತಿದ್ದರು."

ಹೇಳಿ ಮುಗಿಸುವಷ್ಟರಲ್ಲಿ ಬಾಗಿಲ ಹತ್ತಿರವೇ ಕೂತುಬಿಟ್ಟಳು. ಐದು ವರ್ಷ ಅಳಬಾರದೆಂದು ಹಿಡಿದಿಟ್ಟದ್ದನ್ನೆಲ್ಲ ನಾಝಿಮಾಳ ಮಡಿಲಲ್ಲಿ ಅತ್ತಳು. ಗಂಡ ಬದುಕಿರಬಹುದು ಎಂದು ಊರು ಹೇಳುತ್ತಿದ್ದಾಗ ಅಳುವುದೂ ತಪ್ಪಾಗಿತ್ತಲ್ಲ ಅವಳಿಗೆ.

ಮರುದಿನವೇ ಅವಳು ಕಿವಿಯ ಅಲಿಕತ್ತುಗಳನ್ನು ತೆಗೆದಿಟ್ಟಳು. ಬಿಳಿ ಬಟ್ಟೆ ಉಟ್ಟು, ಗಂಡ ಸತ್ತವಳು ಕೂರಬೇಕಾದ ಇದ್ದತ್ತಿಗೆ ಮನೆಯೊಳಗೆ ಕೂತಳು. ಯಾರೂ ಹೇಳಿದ್ದಲ್ಲ, ತಾನಾಗಿ ಕೂತದ್ದು. ಖತೀಬರಿಗೆ ಇದು ಯಾವ ಸಾಕ್ಷಿಯ ಮೇಲೆ ಎಂದು ಕೇಳುವುದಿತ್ತು, ಆದರೆ ಕೇಳಲಿಲ್ಲ. ಅವರೂ ಹೆಣ್ಣುಮಕ್ಕಳ ತಂದೆ. ಮುಂದೆ ಕಾಗದಪತ್ರ ಎಲ್ಲ ಸರಿಯಾಗಿ, ಅವಳು ಕುಲಶೇಖರಕ್ಕೆ ಹೋದಳು. ಆಸ್ಯಮ್ಮನನ್ನೂ ಜೊತೆಗೆ ಕರೆದುಕೊಂಡೇ ಹೋದಳು. ಅದಕ್ಕೆ ಒಪ್ಪಿದ ಜಮಾಲುದ್ದೀನ್ ದೊಡ್ಡ ಮನುಷ್ಯ ಎನ್ನಬೇಕು.

ಆದರೆ ಅದಕ್ಕೂ ಮೊದಲು, ಝೈನಬ್ ಇದ್ದತ್ತಿಗೆ ಕೂತ ವಾರದಲ್ಲೇ, ಆಸ್ಯಮ್ಮ ಮತ್ತೊಮ್ಮೆ ಮೂಸಬ್ಬನ ಜಗಲಿಗೆ ಬಂದಿದ್ದರು. ಬೈಸಿಕೊಳ್ಳಲು ಮೂಸಬ್ಬ ತಯಾರಾಗಿ ನಿಂತ. ಬೈದರೆ ಹಗುರಾಗುತ್ತಿತ್ತು. ಆಸ್ಯಮ್ಮ ಬೈಯಲಿಲ್ಲ. ಸೊಸೆಗೆ ಒಂದು, ನನಗೆ ಒಂದು ಹೇಳಿದೆ, ಅದಕ್ಕೆ ನಾನು ಬೇಸರ ಮಾಡುವುದಿಲ್ಲ ಎಂದರು. ಮಗನ ಮೈ ಹೇಗಿತ್ತು, ಬಟ್ಟೆ ಒಣಗಿತ್ತೋ, ಬಡಕಲಾಗಿದ್ದನೋ ಎಂದು ಒಂದೊಂದಾಗಿ ವಿಚಾರಿಸಿದರು. ಚೆನ್ನಾಗಿದ್ದ ಎಂದ ಮೂಸಬ್ಬ, ಅದು ನಿಜವೇ ಆಗಿತ್ತು.

"ಅವಳನ್ನು ಕೇಳಲಿಲ್ಲವಂತೆ. ಹೋಗಲಿ," ಎಂದರು. "ನನ್ನನ್ನು?"

"ಕೇಳಿದ," ಎಂದ ಮೂಸಬ್ಬ. "ಉಮ್ಮ ಹೇಗಿದ್ದಾರೆ ಅಂತ ಕೇಳಿದ."

ಆಸ್ಯಮ್ಮ ಅವನ ಮುಖವನ್ನೇ ನೋಡಿದರು. ಹೆತ್ತವರಿಗೆ ಮಗ ಗೊತ್ತಿಲ್ಲವೇ?

"ಇದೂ ಸುಳ್ಳು," ಎಂದರು. "ಇನ್ನೊಮ್ಮೆ ಹೇಳು."

ಮೂಸಬ್ಬ ಅದನ್ನೇ ಇನ್ನೊಮ್ಮೆ ಹೇಳಿದ.