ಕಿವಿರಾಯರ ಒಂಬತ್ತು ಕುದುರೆಗಳು

ಕಿವಿರಾಯರ ಕಿವಿಯ ಬಗ್ಗೆ ಅವರ ಬೀದಿಯಲ್ಲಿ ಹಬ್ಬಿದ್ದ ಕಥೆಗಳಲ್ಲಿ ಅರ್ಧವನ್ನು ನಂಬಿದರೂ ಸಾಕು, ಮಿಕ್ಕವರ ಕಿವಿಗಳಿರುವುದು ಕನ್ನಡಕ ಸಿಕ್ಕಿಸಿಕೊಳ್ಳುವುದಕ್ಕೆ ಮಾತ್ರ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಮೂರು ಮನೆ ಆಚೆ ಒಲೆಯ ಮೇಲಿಟ್ಟ ಹಾಲು ಉಕ್ಕುವ ಮುಂಚೆಯೇ ಅವರು ಇಲ್ಲಿಂದ ಕೂಗಿ ಎಚ್ಚರಿಸಿದ್ದರಂತೆ. ಸೊಳ್ಳೆ ಹತ್ತಿರ ಬಂದರೆ, ಇದರ ಎಡರೆಕ್ಕೆ ಸ್ವಲ್ಪ ಸೊಟ್ಟ ಎಂದು ಹೇಳಿ, ಆಮೇಲೆ ಹೊಡೆಯುತ್ತಿದ್ದರಂತೆ. ಈ ಕಥೆಗಳನ್ನು ಹಬ್ಬಿಸುವುದರಲ್ಲಿ ಎತ್ತಿದ ಕೈ ಬೀದಿ ತಿರುವಿನ ಕ್ಷೌರದಂಗಡಿಯವನದು. ಅವನು ಕಿವಿರಾಯರ ಬಾಲ್ಯದ ಗೆಳೆಯ. ಕತ್ತರಿಯ ಕೆಳಗೆ ತಲೆ ಕೊಟ್ಟು ಕೂತವರು ಅಲ್ಲ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲವಾದ್ದರಿಂದ, ಕಥೆಗಳಿಗೆ ಎದುರಾಡುವವರೇ ಇರಲಿಲ್ಲ.

ರಾಯರ ಉದ್ಯೋಗ ಲಿಫ್ಟ್ ರಿಪೇರಿ. ಕರೆ ಬಂದ ಕಟ್ಟಡಕ್ಕೆ ಹೋಗಿ, ಚೀಲ ಕೆಳಗಿಟ್ಟು, ಮೊದಲು ಲಿಫ್ಟಿನೊಳಗಿದ್ದವರನ್ನೆಲ್ಲ ಹೊರಗೆ ಕರೆಯುತ್ತಿದ್ದರು. ಕಾವಲುಗಾರನ ರೇಡಿಯೋ ಬಂದ್. ಮಾತು ಬಂದ್. ಕೆಮ್ಮು ಬಂದವರು ಬೀದಿಗೆ ಹೋಗಿ ಕೆಮ್ಮಿ ಬರಬೇಕು. ಆಮೇಲೆ ಕಬ್ಬಿಣದ ಬಾಗಿಲಿಗೆ ಕಿವಿಯಿಟ್ಟು, ಖಾಲಿ ಲಿಫ್ಟನ್ನು ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಓಡಿಸಿ, ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದರು. ಬಹಳ ಸಲ ಸರಿಯಾಗಿರುತ್ತಿತ್ತು. ತಪ್ಪಾದ ಸಲದ ಸುದ್ದಿ ಕ್ಷೌರದಂಗಡಿಯವರೆಗೆ ತಲುಪುತ್ತಲೇ ಇರಲಿಲ್ಲ.

ಇಂಥ ಕಿವಿಗೆ ದಿನವಿಡೀ ಲಿಫ್ಟಿನ ಗೋಳೇ ಆದರೆ ಹೇಗೆ? ಅದಕ್ಕೊಂದು ಔತಣ ಬೇಕಲ್ಲ. ಆ ಔತಣವೇ ಕುದುರೆ.

ಕುದುರೆ ಎಂದರೆ ಒಂದು ರಾಕ್ ಆಲ್ಬಮ್. ರಾಯರು ಇನ್ನೂ ಮೀಸೆ ಮೂಡದ ಕಾಲದಲ್ಲಿ, ಹೆಗಲವರೆಗೆ ಕೂದಲು ಬಿಟ್ಟ ನಾಲ್ವರು ಸೇರಿ ಮಾಡಿದ್ದು. ರಟ್ಟಿನ ಹೊದಿಕೆಯ ಮೇಲೆ ಮೆಟ್ಟಿಲು ಹತ್ತುತ್ತಿರುವ ಬಿಳಿ ಕುದುರೆಯ ಚಿತ್ರವಿತ್ತು. ಅದು ಯಾಕೆ ಮೆಟ್ಟಿಲು ಹತ್ತುತ್ತಿದೆ ಎಂದು ರಾಯರ ಹೆಂಡತಿ ಮದುವೆಯಾದ ಹೊಸತರಲ್ಲಿ ಕೇಳಿದ್ದಳು. ವಿವರಣೆ ಮುಗಿಯುವ ಹೊತ್ತಿಗೆ ಅನ್ನ ಸೀದುಹೋಗಿತ್ತು. ಆಮೇಲೆ ಅವಳು ಕೇಳಲಿಲ್ಲ.

ಮನೆಯ ಚಿಕ್ಕ ಕೋಣೆಯಲ್ಲಿ ಇದೇ ಆಲ್ಬಮ್ಮಿನ ಒಂಬತ್ತು ಪ್ರತಿಗಳಿದ್ದವು. ಕೋಣೆಗೆ ಮನೆಯವರಿಟ್ಟ ಹೆಸರು ಲಾಯ. ರಾಯರಿಗೆ ಒಂದೊಂದು ಕುದುರೆಯ ಸ್ವಭಾವವೂ ಗೊತ್ತು. ಕೈಗೆ ಭಾರವಾಗುವ ದಪ್ಪ ರೆಕಾರ್ಡೊಂದಿತ್ತು. ಅದರಲ್ಲಿ ಡ್ರಮ್ಮು ಹೊಟ್ಟೆಗೇ ಬಡಿಯುತ್ತದೆ, ಆದರೆ ಹಾಡುವವನಿಗೆ ನೆಗಡಿ. ಹತ್ತು ವರ್ಷ ಬಿಟ್ಟು ಬಂದ ತೆಳು ರೆಕಾರ್ಡು ಬೆಂಕಿಯಲ್ಲಿ ಉಪ್ಪು ಬಿದ್ದಂತೆ ಚಟಪಟ ಎನ್ನುತ್ತದೆ. ಕ್ಯಾಸೆಟ್ಟಿನಲ್ಲಿ ನಾಲ್ವರೂ ಕಂಬಳಿ ಹೊದ್ದು ಹಾಡಿದ ಹಾಗೆ. ಸಿ.ಡಿ. ಶುದ್ಧ, ಆದರೆ ಆಸ್ಪತ್ರೆಯಂಥ ಶುದ್ಧ. ಮತ್ತೊಂದು ಸಿ.ಡಿ.ಯನ್ನು ಕಂಪನಿಯವರು ಹೊಸದಾಗಿ ತಿದ್ದಿ ತೀಡಿ ತಂದಿದ್ದರು. ಅದರಲ್ಲಿ ಎಲ್ಲರೂ ಏಕಕಾಲಕ್ಕೆ ಕಿರುಚುತ್ತಾರೆ, ಥೇಟ್ ನಮ್ಮ ಬಂಧುಬಳಗ ಸೇರಿದ ಹಾಗೆ ಎಂದು ರಾಯರೇ ಹೇಳುತ್ತಿದ್ದರು. ಇನ್ನು ಫೋನಿನಲ್ಲಿ ಬರುವುದೋ, ಅದು ಕುದುರೆಯೇ ಅಲ್ಲ, ಕುದುರೆಯ ಜೆರಾಕ್ಸ್.

ಇವೆಲ್ಲಕ್ಕೂ ಮಿಗಿಲಾದ ಪಟ್ಟದ ಕುದುರೆ ಮೊದಲ ಅಚ್ಚಿನ ರೆಕಾರ್ಡು. ಅದರ ನಾಲ್ಕನೆಯ ಹಾಡಿನ ನಡುವೆ ಎಲ್ಲ ವಾದ್ಯಗಳೂ ಸುಮ್ಮನಾಗಿ, ಗಿಟಾರೊಂದೇ ಉಸಿರೆಳೆದುಕೊಳ್ಳುವ ಜಾಗವಿದೆ. ಅಲ್ಲಿ ಡ್ರಮ್ಮಿನವನು ಸ್ಟೂಲಿನ ಮೇಲೆ ಸರಿದು ಕೂರುತ್ತಾನೆ. ಕಿರ್ ಎನ್ನುತ್ತದೆ. ಮುಂದಿನ ಅಚ್ಚುಗಳಲ್ಲಿ ಈ ಕಿರ್ ಅನ್ನು ಒರೆಸಿಹಾಕಿದ್ದಾರೆ ಎಂಬುದು ರಾಯರ ಸಂಶೋಧನೆ. ಮನೆಗೆ ಬಂದವರನ್ನು ಲಾಯದ ಮಂಚದ ಮೇಲೆ ಕೂರಿಸಿ, ತಾವು ರೆಕಾರ್ಡಿನ ಪಕ್ಕ ಕೂತು, ಆ ಜಾಗ ಬಂದಾಗ ಮುಂದಕ್ಕೆ ಬಾಗಿ ಬೆರಳೆತ್ತುತ್ತಿದ್ದರು. ಕಿರ್. ಬಂದವರಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅದೇ ರಾಯರ ಬಲ. ಕ್ಷೌರದಂಗಡಿಯವನಂತೂ ಡ್ರಮ್ಮಿನವನಿಗೆ ಮೂಲವ್ಯಾಧಿ ಇದ್ದಿರಬೇಕೆಂಬ ತೀರ್ಮಾನಕ್ಕೆ ಬಂದಿದ್ದ.

ಹೀಗೆ ಸುಖವಾಗಿದ್ದ ಲಾಯಕ್ಕೆ ಕುತ್ತು ಬಂದದ್ದು ಪರದೆಯ ರೂಪದಲ್ಲಿ. ರಾಯರ ಹೆಂಡತಿ ಕಿಟಕಿ ಪರದೆ ಹೊಲಿಯುತ್ತಿದ್ದಳು. ಕೈ ಚೆನ್ನಾಗಿತ್ತು, ಕೆಲಸ ಬೆಳೆಯಿತು, ಒಂದು ದೊಡ್ಡ ಸಭಾಂಗಣದ ಪರದೆಗಳೆಲ್ಲ ಅವಳ ಪಾಲಿಗೆ ಬಂದವು. ಬಟ್ಟೆಯ ಸುರುಳಿಗಳು ಹಜಾರ ತುಂಬಿ, ಊಟದ ಮೇಜು ಹತ್ತಿ, ಕೊನೆಗೆ ಹಾಸಿಗೆಗೂ ಬಂದು ಗಂಡಹೆಂಡಿರ ನಡುವೆ ಮಲಗಿದವು. ಹೊಸ ಹೊಲಿಗೆ ಮೆಷಿನ್ ಇಡುವುದಕ್ಕೆ ಜಾಗವಿಲ್ಲ. ಕೋಣೆ ಸಿಗದಿದ್ದರೆ ಈ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಅವಳು ಒಂದು ಸಂಜೆ ಶಾಂತವಾಗಿಯೇ ಹೇಳಿದಳು. ಅವಳ ಶಾಂತ ದನಿಯ ಅರ್ಥ ರಾಯರಿಗೆ ಬೇರೆ ಯಾವ ಸದ್ದಿಗಿಂತಲೂ ಚೆನ್ನಾಗಿ ತಿಳಿದಿತ್ತು.

ಒಂದೇ ಹಾಡಿಗೆ ಒಂಬತ್ತು ಯಾಕೆ, ಒಂದು ಇಟ್ಟುಕೊಳ್ಳಿ ಎಂದಳು. ಒಂದೇ ಹಾಡಲ್ಲ, ಒಂಬತ್ತು ಬೇರೆ ಬೇರೆ ಹಾಡು ಎಂದರು ರಾಯರು. ಅಲ್ಲೇ ಕೂತಿದ್ದ ಅವಳ ತಮ್ಮ, ಔಷಧಿ ಅಂಗಡಿಯವನು, ಬಾಯಿ ಹಾಕಿದ.

"ಭಾವ, ಕಣ್ಣು ಮುಚ್ಚಿದ್ರೆ ಯಾವುದು ಯಾವುದು ಅಂತ ಹೇಳ್ತೀರಾ?"

"ನಿನ್ನ ಅಂಗಡೀಲಿ ಚೀಟಿ ಓದದೆ ಮಾತ್ರೆ ಕೊಡ್ತೀಯಲ್ಲ, ಹಾಗಲ್ಲ ಇದು. ಬೇಕಾದ್ದು ಹಾಕು. ಫೋನನ್ನೇ ಹಾಕು. ಹೇಳ್ತೀನಿ."

ಒಪ್ಪಂದವಾಯಿತು. ರಾಯರು ಎಲ್ಲವನ್ನೂ ಸರಿಯಾಗಿ ಗುರುತಿಸಿದರೆ ಒಂಬತ್ತು ಕುದುರೆಗಳೂ ಲಾಯದಲ್ಲೇ, ಪರದೆ ಕೆಲಸ ಬೇರೆಯವರಿಗೆ. ಒಂದು ತಪ್ಪಿದರೂ ಕೋಣೆ ಹೆಂಡತಿಗೆ, ಒಂದು ಕುದುರೆ ಮಾತ್ರ ರಾಯರಿಗೆ. ಮಿಕ್ಕ ಎಂಟನ್ನು ತಾನು ಸಾಕುತ್ತೇನೆಂದು ಕ್ಷೌರದಂಗಡಿಯವನು ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದ. ಕಣ್ಣಲ್ಲಿ ನೀರಿರಲಿಲ್ಲ.

ಭಾನುವಾರ ಬೆಳಗ್ಗೆ ಲಾಯದ ಅಡ್ಡಕ್ಕೆ ಸಭಾಂಗಣದ ಕಡುಗೆಂಪು ಪರದೆಯೊಂದು ಇಳಿಬಿತ್ತು. ಅದರ ಹಿಂದೆ ಯಂತ್ರಗಳೂ ಭಾವಮೈದುನನೂ. ಮುಂದೆ, ತಮ್ಮ ಹಳೆಯ ತಿರುಗುಕುರ್ಚಿಯಲ್ಲಿ, ಸ್ನಾನ ಮಾಡಿ ತಲೆ ಬಾಚಿ ಕಿವಿಗೆ ಹತ್ತಿಕಡ್ಡಿ ಹಾಕಿಕೊಂಡು ಬಂದ ರಾಯರು. ಗಡಿಯಾರ ಹೊರಗೆ ಹೋಯಿತು. ಪಂಖ ನಿಂತಿತು. ಮಂಚದ ಮೇಲೆ ಕೂತಿದ್ದ ಕ್ಷೌರದಂಗಡಿಯವನಿಗೆ ಜೋರಾಗಿ ಉಸಿರಾಡಬಾರದೆಂದು ಅಪ್ಪಣೆಯಾಯಿತು. ಹೆಂಡತಿ ಹೊಸ್ತಿಲಲ್ಲಿ ನಿಂತಳು, ಕೈಯಲ್ಲಿ ಅಳತೆ ಟೇಪು. ಅವಳು ಆಗಲೇ ಕಣ್ಣಲ್ಲಿ ಗೋಡೆ ಅಳೆಯುತ್ತಿದ್ದಳು.

ಮೊದಲ ಹಾಡು ಎರಡು ಸಾಲು ದಾಟುವ ಮುಂಚೆ ರಾಯರು ಕಂಬಳಿ ಎಂದರು. ಕ್ಯಾಸೆಟ್ಟೇ. ಎರಡನೆಯದು ಇನ್ನೂ ಶುರುವೇ ಆಗಿರಲಿಲ್ಲ, ಆಸ್ಪತ್ರೆ ಎಂದರು. ಸಿ.ಡಿ.ಯೇ. ಪರದೆಯ ಹಿಂದಿನಿಂದ ಹೌದು ಎಂಬ ದನಿ ಬರಬರುತ್ತ ಸಣ್ಣದಾಯಿತು. ಬಂಧುಬಳಗ, ಹೌದು. ಉಪ್ಪು, ಹೌದು. ನೆಗಡಿ, ಹೌದು. ಒಂದಾದ ಮೇಲೊಂದು ಕುದುರೆ ಬಂದು ರಾಯರ ಮುಂದೆ ತಲೆ ತಗ್ಗಿಸಿತು. ಕ್ಷೌರದಂಗಡಿಯವನು ತನಗೆ ಬರಬೇಕಾಗಿದ್ದ ಎಂಟನ್ನೂ ಮರೆತು ತೊಡೆ ತಟ್ಟಿದ. ಹೆಂಡತಿ ಟೇಪನ್ನು ಮೆಲ್ಲಗೆ ಸುತ್ತತೊಡಗಿದಳು. ಎಂಟು ಗೆದ್ದಾಗಿತ್ತು.

ಕೊನೆಯದು ಬಂತು. ಚಟಪಟ ಇಲ್ಲ, ನೆಗಡಿ ಇಲ್ಲ. ಮೊದಲ ಅಚ್ಚನ್ನು ತಾವು ಎಳೆಮಗುವಿನಂತೆ ಒರೆಸಿ ಸಾಕಿದ್ದು ಸಾರ್ಥಕವಾಯಿತೆಂದು ರಾಯರ ಮುಖ ಊರಗಲವಾಯಿತು. ಆದರೂ ಅವಸರ ಮಾಡಲಿಲ್ಲ. ನಾಲ್ಕನೆಯ ಹಾಡು ಹಾಕು ಎಂದರು. ವಾದ್ಯಗಳು ಒಂದೊಂದಾಗಿ ಸುಮ್ಮನಾದವು. ಗಿಟಾರು ಉಸಿರೆಳೆದುಕೊಂಡಿತು. ರಾಯರು ಮುಂದಕ್ಕೆ ಬಾಗಿದರು.

ಕಿರ್.

"ಮೊದಲ ಅಚ್ಚು," ಎಂದರು ರಾಯರು, ಸಿಂಹಾಸನದಿಂದ ಎಂಬಂತೆ.

ಪರದೆ ಸರಿಯಿತು. ಮೊದಲ ಅಚ್ಚು ತನ್ನ ರಟ್ಟಿನ ಹೊದಿಕೆಯೊಳಗೆ ನಿದ್ದೆ ಮಾಡುತ್ತಿತ್ತು. ಹಾಡುತ್ತಿದ್ದದ್ದು ಭಾವಮೈದುನನ ಕೈಯಲ್ಲಿದ್ದ ಫೋನು.

ಇನ್ನೊಬ್ಬರಾಗಿದ್ದರೆ ನೆಲ ಬಾಯಿ ಬಿಡಲಿ ಎನ್ನುತ್ತಿದ್ದರು. ರಾಯರ ಕಣ್ಣು ಮಿಂಚಿತು. ಕಿರ್ ಫೋನಿಗೂ ಬಂದುಬಿಟ್ಟಿದೆ, ಕಂಪನಿಯವರು ಒರೆಸಿದ್ದನ್ನು ಯಾರೋ ಪುಣ್ಯಾತ್ಮರು ವಾಪಸು ಹಾಕಿದ್ದಾರೆ, ಇದು ಸಣ್ಣ ಸುದ್ದಿಯಲ್ಲ ಎಂದು ಕುಣಿದಾಡಿದರು. ಮತ್ತೆ ಹಾಕಿಸಿದರು. ಬಾಗಿದರು. ಕಿರ್. ಇನ್ನೊಮ್ಮೆ. ಕಿರ್. ಮೂರನೆಯ ಸಲಕ್ಕೆ ಹೆಂಡತಿ ಹೊಸ್ತಿಲು ದಾಟಿ ಒಳಗೆ ಬಂದಳು.

"ರೀ, ಒಂದ್ಸಲ ಎದ್ದು ನಿಂತ್ಕೊಂಡು ಕೇಳಿ."

ರಾಯರು ಎದ್ದರು. ಹಾಡು ಬಂತು, ವಾದ್ಯಗಳು ನಿಂತವು, ಗಿಟಾರು ಉಸಿರೆಳೆದುಕೊಂಡಿತು, ಮುಂದೆ ಹೋಯಿತು. ಏನೂ ಇಲ್ಲ. ಹೆಂಡತಿ ಒಂದು ಬೆರಳಿನಿಂದ ಖಾಲಿ ಕುರ್ಚಿಯ ಬೆನ್ನನ್ನು ಮುಂದಕ್ಕೆ ಒತ್ತಿದಳು.

ಕಿರ್.

ಮಿಕ್ಕ ಪ್ರತಿಗಳಲ್ಲಿ ಆ ಸದ್ದು ಇಲ್ಲವೆಂದು ಗೊತ್ತಿದ್ದರಿಂದ ರಾಯರು ಅವಕ್ಕೆ ಬಾಗುತ್ತಿರಲಿಲ್ಲ. ಮೊದಲ ಅಚ್ಚಿಗೆ ಮಾತ್ರ, ಕೇಳಬೇಕೆಂದು ಬಾಗುತ್ತಿದ್ದರು. ಊರಿನ ಲಿಫ್ಟುಗಳಿಂದ ಜನರನ್ನೆಲ್ಲ ಹೊರಗೆ ಕರೆದು ಸದ್ದು ಹುಡುಕಿದವರು ತಮ್ಮ ಕೋಣೆಯಿಂದ ತಮ್ಮನ್ನು ಮಾತ್ರ ಹೊರಗೆ ಕರೆದಿರಲಿಲ್ಲ. ರಾಯರೇ ಕುರ್ಚಿಯ ಬೆನ್ನನ್ನು ಒತ್ತಿ ನೋಡಿದರು. ಕಿರ್. ಬಿಟ್ಟು ಒತ್ತಿದರು. ಕಿರ್.

"ಗುರುವೇ," ಎಂದ ಕ್ಷೌರದಂಗಡಿಯವನು ಗದ್ಗದಿತನಾಗಿ, "ಅಂದ್ರೆ ಇಷ್ಟು ವರ್ಷ ಬ್ಯಾಂಡಲ್ಲಿ ಐದನೆಯವನು ನೀನೇ."

ಮೊದಲು ನಕ್ಕವರು ರಾಯರೇ. ಹೊಟ್ಟೆ ಹಿಡಿದುಕೊಂಡು, ಮಂಚದ ಮೇಲೆ ಬಿದ್ದು ನಕ್ಕರು. ಬಂದವರಿಗೆಲ್ಲ ನನ್ನ ಸಂಗೀತವನ್ನೇ ಕೇಳಿಸಿ ಚಹಾ ಕೊಟ್ಟು ಕಳಿಸಿದೆನಲ್ಲ ಎಂದು ಒಬ್ಬೊಬ್ಬರನ್ನೇ ನೆನೆದು ನಕ್ಕರು. ಭಾವಮೈದುನ ನಕ್ಕ. ಹೆಂಡತಿ ಟೇಪಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಅದೇ ಟೇಪಿನ ತುದಿಯನ್ನು ತಮ್ಮನ ಕೈಗೆ ಕೊಟ್ಟು, ಆ ಗೋಡೆಗೆ ಹಿಡಿ ಎಂದಳು.

ಇನ್ನು ಉಳಿದದ್ದು ಒಂದೇ. ರಾಯರು ಕಪಾಟಿನ ಮುಂದೆ ಹೋಗಿ ನಿಂತರು. ಮೊದಲ ಅಚ್ಚನ್ನು ಮುಟ್ಟಿದರು. ಕ್ಷೌರದಂಗಡಿಯವನು ಕತ್ತು ಮುಂದೆ ಚಾಚಿದ. ದಪ್ಪ ರೆಕಾರ್ಡನ್ನು ಮುಟ್ಟಿದರು. ಈ ಕಿವಿ ಕೊನೆಗೆ ಯಾವ ನಾದವನ್ನು ಆರಿಸುತ್ತದೆ, ಯಾಕೆ ಆರಿಸುತ್ತದೆ ಎಂದು ತಿಳಿಯಲು ಭಾವಮೈದುನನೂ ಟೇಪು ಬಿಟ್ಟು ಹತ್ತಿರ ಬಂದ. ರಾಯರ ಕೈ ಹಿಂದಕ್ಕೆ ಬಂತು, ತಡವರಿಸಿತು, ಕ್ಯಾಸೆಟ್ಟನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡಿತು.

"ಕಂಬಳೀನಾ?" ಎಂದ ಕ್ಷೌರದಂಗಡಿಯವನು, ನಂಬಲಾರದೆ. "ಅದರಲ್ಲಿ ಅಂಥದ್ದೇನಿದೆ ಗುರುವೇ?"

"ಏನಿಲ್ಲ," ಎಂದರು ಕಿವಿರಾಯರು. "ಚಿಕ್ಕದು. ಮೆಷಿನ್‌ಗೆ ಜಾಗ ಬೇಕಲ್ಲ."