ಒಂಬತ್ತು ಅಡಿಯ ಗೋಡೆ

ಗೋಡೆಗೆ ಫೋಟೋ ತೂಗುಹಾಕಲು ಗಣಿತ ಬೇಕೆಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ, ನಾನೂ ನಕ್ಕವಳೇ. ಆದರೆ ಆ ಮಧ್ಯಾಹ್ನ, ದೇಹೂ ರೋಡಿನ ನಮ್ಮ ಹೊಸ ಬಾಡಿಗೆ ಮನೆಯಲ್ಲಿ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ ಬಿಡಿಸುತ್ತ ಕುಳಿತಾಗ ನನಗೆ ನಗು ಬರಲಿಲ್ಲ. ಗೋಡೆ ಒಂಬತ್ತು ಅಡಿ. ಅಡಿ ಅಡಿ ಅಗಲದ ಫೋಟೋಗಳು ಮೂರು: ಮಾವನವರ ತಂದೆ, ತಾಯಿ, ಹೋದ ವರ್ಷ ತೀರಿಕೊಂಡ ಮಾವನವರು. ಅಂತರ ಎಲ್ಲ ಕಡೆಯೂ ಸಮನಾಗಿರಬೇಕು. ಮನೆಯ ಮಾಲೀಕರು ಗೋಡೆ ಕೊರೆಯಲು ಒಪ್ಪಿದ್ದು ಒಂದೇ ಸಲಕ್ಕೆ. ಡ್ರಿಲ್ಲಿನವನು ನಾಲ್ಕಕ್ಕೆ ಬರುವವನಿದ್ದ.

ಉಳಿದ ಆರು ಅಡಿಯನ್ನು ಮೂರರಿಂದ ಭಾಗಿಸಿ, ಎರಡೆರಡು ಅಡಿ ಬಿಟ್ಟು ಎಡದಿಂದ ಗುರುತು ಹಾಕುತ್ತ ಹೋದೆ. ಕೊನೆಗೆ ಮಾವನವರು ಬಲಗಡೆಯ ಮೂಲೆಗೆ ಅಂಟಿಕೊಂಡರು. ಬದುಕಿದ್ದಾಗ ಅವರನ್ನು ಮೂಲೆಗೆ ತಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಫೋಟೋ ಮೂರಾದರೆ ಖಾಲಿ ಜಾಗ ನಾಲ್ಕು ಎಂಬುದು ಆಗ ಹೊಳೆಯಿತು. ಕಣ್ಣಿಗೆ ಕಾಣುವುದನ್ನು ಎಣಿಸಿಯೇ ರೂಢಿಯಾದ ನಮಗೆ ಖಾಲಿಯನ್ನು ಲೆಕ್ಕಕ್ಕೆ ಹಿಡಿಯುವುದು ಬೇಗ ಬರುವುದಿಲ್ಲ. ಒಂದೂವರೆ ಅಡಿ ಎಂದು ತಿದ್ದಿ ಬರೆದೆ.

ಮಂಚದ ಮೇಲೆ ಕುಳಿತು ನೋಡುತ್ತಿದ್ದ ಅತ್ತೆಯವರು ಮೆಲ್ಲಗೆ ಹೇಳಿದರು: "ನಾಕು ಮೊಳಿ ಹೊಡಸವ್ವಾ. ಆಮ್ಯಾಲ ಮಾಲಕರಿಗೆ ಮತ್ತ ಕೇಳೂದು ಬ್ಯಾಡ."

ನಮ್ಮ ಮನೆಯಲ್ಲಿ ಬದುಕಿರುವವರ ಫೋಟೋ ಗೋಡೆ ಏರುವುದಿಲ್ಲ. ಅತ್ತೆಯವರ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿಕೊಂಡು ತಿಂಗಳಾಗಿತ್ತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು; ವರದಿ ತರಲು ನನ್ನ ಗಂಡ ಆಸ್ಪತ್ರೆಗೆ ಹೋಗಿದ್ದರು. ಹಾಸಿಗೆಯ ಚಾದರ ಹುಡುಕುವಾಗ ಟ್ರಂಕಿನ ತಳದಲ್ಲಿ, ಪತ್ರಿಕೆಯಲ್ಲಿ ಸುತ್ತಿಟ್ಟ ಹೊಸ ಫೋಟೋ ಒಂದು ನನಗೆ ಸಿಕ್ಕಿತ್ತು. ಮಾವನವರದೇ ಅಳತೆ, ಅದೇ ಕಟ್ಟು, ಇಳಕಲ್ ಸೀರೆ ಉಟ್ಟ ಅತ್ತೆಯವರು. ಕಂಡರೂ ಕಾಣದವಳಂತೆ ಅದನ್ನು ಅಲ್ಲೇ ಮುಚ್ಚಿಟ್ಟಿದ್ದೆ.

ನಾಲ್ಕು ಫೋಟೋ, ಉಳಿದದ್ದು ಐದು ಅಡಿ, ಜಾಗ ಐದು, ತಲಾ ಒಂದು ಅಡಿ. ಶಾಲೆಯಲ್ಲಿ ಒಂದು ಲೆಕ್ಕವನ್ನೂ ನಾನು ಇಷ್ಟು ಸಲೀಸಾಗಿ ಬಿಡಿಸಿರಲಿಲ್ಲ. ಶೇಷವಿಲ್ಲದ ಆ ಉತ್ತರ ನೋಡಿ ನನಗೆ ಹೆದರಿಕೆಯಾಯಿತು.

ಡ್ರಿಲ್ಲಿನವನು ಬಂದು ಎಷ್ಟು ತೂತು ಎಂದು ಮರಾಠಿಯಲ್ಲಿ ಕೇಳಿದ. ಅತ್ತೆಯವರ ಕಡೆ ನೋಡದೆ ಮೂರು ಎಂದೆ. ಅವನು ಹೋದ ಮೇಲೆ ಮೂವರನ್ನೂ ತೂಗುಹಾಕಿ, ನೆಲದ ಸುಣ್ಣದ ಪುಡಿ ಗುಡಿಸಿದೆ. ಅತ್ತೆಯವರು ಗೋಡೆಯನ್ನು ಬಹಳ ಹೊತ್ತು ನೋಡಿದರು.

"ನಂದೆಲ್ಲಿ ಹಾಕ್ತಿ?"

"ಗ್ವಾಡಿ ಮ್ಯಾಲ ಜಾಗಾ ಇಲ್ಲರೀ ಅತ್ತಿ," ಎಂದೆ. "ನೀವು ಇಲ್ಲೇ ನಮ್ಮ ಕೂಡ ಇರ್ರಿ."

ಅವರು ಮಂಚದ ಮೇಲೆ ತುಸು ಸರಿದು ನನಗೂ ಕೂರಲು ಜಾಗ ಮಾಡಿದರು. ಕೆಳಗೆ ಸ್ಕೂಟರ್ ಬಂದು ನಿಂತಿತು, ಮೆಟ್ಟಿಲ ಮೇಲೆ ನನ್ನ ಗಂಡನ ಹೆಜ್ಜೆ ಕೇಳಿಸಿತು. ಬಾಗಿಲು ತೆರೆಯಲು ಇಬ್ಬರೂ ಏಳಲಿಲ್ಲ.