ಜೋಳ ಉಸಿರಾಡುತ್ತದೆ ಎಂದ ಮಾಸ್ತರು

ನೆಲದೊಳಗಿನ ಜೋಳದ ಹಗೇವಿನ ಬಾಯಿಯಿಂದ ಮೂರು ಹೆಜ್ಜೆ ದೂರ, ಬೇವಿನ ಗಿಡಕ್ಕೆ ಬೆನ್ನು ಮಾಡಿ ನಾನು ನಿಂತಿದ್ದೆ. ಊರು ಗೊಳಸಂಗಿ. ಅರವತ್ತೆರಡನೇ ಇಸವಿ, ಮೃಗಶಿರಾ ಮಳೆ ಹೊಡೆದ ಮರುದಿನ, ಸಾಲಿಯ ಮೊದಲ ಗಂಟೆಗೆ ಇನ್ನೂ ಹೊತ್ತಿತ್ತು. ಹಗೇವಿನ ಆಚೆ ಬದಿಗೆ ಇಮಾಮಸಾಬ ಮಾಸ್ತರು ಮೊಣಕಾಲೂರಿ ಕುಳಿತು ಅಂಚಿನ ಮಣ್ಣನ್ನು ಬೆರಳಿಂದ ಮುಟ್ಟಿ ನೋಡುತ್ತಿದ್ದರು.

ಮುಟ್ಟಿ ನೋಡದೆ ಅವರು ಏನನ್ನೂ ನಂಬುತ್ತಿರಲಿಲ್ಲ. ನಾನು ಆ ಸಾಲಿಗೆ ಹೊಸದಾಗಿ ಬಂದ ಕನ್ನಡ ಮಾಸ್ತರ. ಅವರು ವಿಜ್ಞಾನ, ಭೂಗೋಳ ಕಲಿಸುತ್ತಿದ್ದರು. ಅವರ ಕೋಟಿನ ಒಂದು ಕಿಸೆಯಲ್ಲಿ ಎರೆಮಣ್ಣಿನ ಹೆಂಟೆ, ಇನ್ನೊಂದರಲ್ಲಿ ಸುಣ್ಣದ ಹರಳು ಇರುತ್ತಿದ್ದವು. ಬಾವಿ ತೋಡುವಲ್ಲಿಗೆ ಹುಡುಗರನ್ನು ಕರೆದೊಯ್ದು, ಮೇಲೆ ಎರೆ, ನಡುವೆ ಗರಸು, ತಳಕ್ಕೆ ಕರಿಕಲ್ಲು ತೋರಿಸುತ್ತಿದ್ದರು. "ಕೆಳಗಿಂದ ಮ್ಯಾಲ ನೋಡ್ರಿ. ಆ ಕಲ್ಲ ಸವೆದು ಈ ಮಣ್ಣ ಆಗೇತಿ. ಅದಕ್ಕ ಅವಸರ ಇರಲಿಲ್ಲ."

ಅವರಿಗೆ ಎಲ್ಲಕ್ಕಿಂತ ಪ್ರೀತಿಯದು ಉಸಿರಿನ ಪಾಠ. ನೆನೆದ ಜೋಳವನ್ನು ಬಾಟಲಿಗೆ ಹಾಕಿ ಬೂಚು ಬಿಗಿಯುತ್ತಿದ್ದರು. ಮರುದಿನ ಬೂಚು ತೆಗೆದು ಉರಿಯುವ ಕಡ್ಡಿ ಇಳಿಸಿದರೆ ಅದು ಆರುತ್ತಿತ್ತು. ಕಾಳಿಗೂ ಜೀವವಿದೆ; ಅದು ಪ್ರಾಣವಾಯು ಎಳೆದುಕೊಂಡು ಇಂಗಾಲಾಮ್ಲ ಬಿಡುತ್ತದೆ; ಆ ವಾಯು ಭಾರ, ತಳದಲ್ಲೇ ನಿಲ್ಲುತ್ತದೆ; ಅದರೊಳಗೆ ದೀಪವೂ ಉಳಿಯದು, ಮನುಷ್ಯನೂ ಉಳಿಯಲಾರ ಎನ್ನುತ್ತಿದ್ದರು.

ಊರಿಗೆ ಇದೊಂದು ತಮಾಷೆ. ರೈತ ಭೀಮಪ್ಪ ಕಟ್ಟೆಯ ಮೇಲೆ ಕುಳಿತು ಕೇಳಿದ್ದ: "ಮಾಸ್ತರ, ನಿಮ್ಮ ಜ್ವಾಳ ಗೊರಕಿನೂ ಹೊಡಿತಾವೇನ್ರಿ?"

"ಹೊಡಿತಾವೋ ಭೀಮಪ್ಪ. ನಿನ್ನ ಗೊರಕ್ಯಾಗ ಕೇಳಂಗಿಲ್ಲ."

ಆ ಹಗೇವು ಭೀಮಪ್ಪನದೇ. ನೆಲದೊಳಗೆ ದೊಡ್ಡ ಗಡಿಗೆಯಂತೆ ತೋಡಿ ಜೋಳ ತುಂಬಿಡುವ ಗುಂಡಿ. ಬಾಯಿ ಒಬ್ಬ ಇಳಿಯುವಷ್ಟೇ. ಬಾಯಿಯ ಕಲ್ಲು ಸರಿಸಿದ ಮೇಲೆ ಒಂದು ರಾತ್ರಿ ಬಿಟ್ಟು ಇಳಿಯುವುದು ಹಿರಿಯರ ಪದ್ಧತಿ. ಭೀಮಪ್ಪ ಅರ್ಧ ಜೋಳವನ್ನು ಮೊದಲೇ ತೆಗೆದು ಮತ್ತೆ ಮುಚ್ಚಿಟ್ಟಿದ್ದ. ಹಿಂದಿನ ಸಂಜೆ ಕಲ್ಲು ಸರಿಸಿದ. ಮಳೆ ಬಂತು. ಕಾಳು ನೆನೆದೀತೆಂದು ಅವನೂ ಹೆಂಡತಿ ನೀಲವ್ವನೂ ಕಲ್ಲನ್ನು ಮತ್ತೆ ಎಳೆದು ಮುಚ್ಚಿದರು. ಬೆಳಗಾದ ಮೇಲೆ ತೆಗೆದರು. ಹೇಗೂ ರಾತ್ರಿ ಕಳೆಯಿತಲ್ಲ ಎಂದುಕೊಂಡರು.

ಸಾಲಿಗೆ ಹೊರಟ ನಾನು ನೋಡುತ್ತ ನಿಂತೆ. ಭೀಮಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನನ್ನನ್ನು ಕೇಳಿದ: "ರಾತ್ರಿ ಕಳದೈತಿ. ಇಳೀಲೇನ್ರಿ ಸರ?" ನಾನು ಹೂಂ ಎಂದೆ. ಇದನ್ನು ಬಿಟ್ಟು ಬರೆದರೆ ಉಳಿದದ್ದೂ ಸುಳ್ಳಾಗುತ್ತದೆ.

ಅವನ ಒಂದು ಕಾಲು ಒಳಗಿತ್ತು. ಅಷ್ಟರಲ್ಲಿ ಮಾಸ್ತರು ಬಂದು ಮಣ್ಣು ಮುಟ್ಟಿದರು. ಸುತ್ತಲಿನ ನೆಲವೆಲ್ಲ ಕೆಸರು. ಬಾಯಿಯ ಅಂಚು ಮಾತ್ರ ಒಣ.

"ಮಳಿ ಒಳಗ ಹೋಗಿಲ್ಲಂದ್ರ ಗಾಳಿನೂ ಹೋಗಿಲ್ಲ. ಕಾಲು ಮ್ಯಾಲ ತಗಿ, ಭೀಮಪ್ಪ."

ದನಿ ಏರಿಸಲಿಲ್ಲ. ನೀಲವ್ವನಿಂದ ಕಂದೀಲು ತರಿಸಿ ಹಗ್ಗಕ್ಕೆ ಕಟ್ಟಿ ಇಳಿಸಿದರು. ಆರಿತು. ಎಣ್ಣೆ ಇಲ್ಲವೇನೋ ಎಂದ ಭೀಮಪ್ಪ. ಮಾಸ್ತರು ಮತ್ತೆ ಹಚ್ಚಿ ಅವನ ಕೈಗೇ ಕೊಟ್ಟರು. ಅವನು ಇಳಿಸಿದ. ಜ್ವಾಲೆ ಸಣ್ಣದಾಯಿತು, ಹೋಯಿತು. ದೀಪ ಆರಿದಾಗ ಇಳಿದಿದ್ದಷ್ಟು ಹಗ್ಗವನ್ನು ಅವನು ಮೇಲೆಳೆದು ತನ್ನ ಮೈಗೆ ಹಿಡಿದು ಅಳೆದ. ಅದು ಅವನ ನೆತ್ತಿಗೂ ಬರಲಿಲ್ಲ; ಒಳಗೆ ಇಳಿದು ನಿಂತಿದ್ದರೆ ತಲೆಯೂ ಆ ವಾಯುವಿನೊಳಗೇ. ಭೀಮಪ್ಪ ಬೇವಿನ ಬೇರಿನ ಮೇಲೆ ಕುಳಿತುಬಿಟ್ಟ.

ಎರಡು ದಿನ ಬಾಯಿ ತೆರೆದಿಟ್ಟರು. ಮೂರನೆಯ ದಿನ ಕಂದೀಲು ತಳದಲ್ಲಿ ನಿಶ್ಚಲವಾಗಿ ಉರಿಯಿತು. ಮಾಸ್ತರು ಕೋಟು ಬಿಚ್ಚಿ ನನ್ನ ಕೈಗಿತ್ತರು. "ಬ್ಯಾಡ ಅಂದಾಂವನ ಮೊದ್ಲ ಇಳೀಬೇಕು," ಎಂದು ಇಳಿದು, ಒಂದು ಹಿಡಿ ಜೋಳದೊಂದಿಗೆ ಮೇಲೆ ಬಂದರು. ಅದನ್ನು ತರಗತಿಯಲ್ಲಿ ಹಸಿ ಬಟ್ಟೆಯೊಳಗಿಟ್ಟರು. ಬಿಳಿ ಮೊಳಕೆ ಒಡೆದ ದಿನ ಭೀಮಪ್ಪ ಬಂದು ಹುಡುಗರ ನಡುವೆ ನೆಲದ ಮೇಲೆ ಕುಳಿತ. ಒಂದು ಕಾಳನ್ನು ಬೆರಳ ತುದಿಯಿಂದ ಮುಟ್ಟಿದ. ಈ ಸಲ ನಗಲಿಲ್ಲ.

"ಇಷ್ಟ ದಿನ ಕತ್ತಲದಾಗ ಬದುಕೇ ಇದ್ವಲ್ರಿ, ಮಾಸ್ತರ."

ಮುಂದಿನ ವರ್ಷ ಮಾಸ್ತರಿಗೆ ಸಿಂದಗಿಗೆ ವರ್ಗವಾಯಿತು. ಬಸ್ಸು ಹತ್ತುವಾಗ ಆ ಬಾಟಲಿಯನ್ನು ನನಗೆ ಕೊಟ್ಟರು. "ನೀವು ಕನ್ನಡದವರು ಖರೆ. ಆದ್ರ ಕಡ್ಡಿ ಕೊರಿಯಾಕ ಬರ್ತೈತಲ್ಲ?" ಅವರನ್ನು ನಾನು ಮತ್ತೆ ನೋಡಲಿಲ್ಲ. ಅವರು ತೀರಿಕೊಂಡ ಸುದ್ದಿಯೂ, ತೀರಿ ತಿಂಗಳಾದ ಮೇಲೆ ನನಗೆ ತಿಳಿಯಿತು. ನಿವೃತ್ತನಾಗುವ ತನಕ ಪ್ರತಿ ಮಳೆಗಾಲ ಆ ಬಾಟಲಿಯೊಳಗೆ ಕಡ್ಡಿ ಇಳಿಸಿದ್ದೇನೆ. ಪ್ರತಿ ಸಲವೂ ಆರಿದೆ.

ಅಂದು ಹಗೇವಿನ ಬಳಿ ಇದ್ದವರಲ್ಲಿ ಇಂದು ಉಳಿದವರು ಮೂವರು: ನಾನು, ಕಂದೀಲು ತಂದುಕೊಟ್ಟ ನೀಲವ್ವ, ಮತ್ತು ಭೀಮಪ್ಪ.